ಪ್ರಯೋಗ ಬಲ್ಲವನು, ಉಪಸಂಹಾರ ಅರಿಯದವನು

ಮೈಕ್ರೋವೇವ್ ಒವನ್ನಿಗೆ ಹಾಕಿದ ಬಾಳೆಹಣ್ಣು ಹಸಿರು ಲೋಳೆಯಾಗುತ್ತದೆ. ಅದಕ್ಕಿಂತ ವಿಚಿತ್ರವೆಂದರೆ, ಚಿಪ್ಪಿನಿಂದ ಕಿತ್ತು ಒಳಗಿಟ್ಟಿದ್ದ ಹಣ್ಣು ಮತ್ತೆ ಅದೇ ಚಿಪ್ಪಿಗೆ ಅಂಟಿಕೊಂಡು ಕುಳಿತಿರುತ್ತದೆ. ಲ್ಯಾಬಿನ ಹುಡುಗರಿಗೆ ಖುಷಿಯೋ ಖುಷಿ. ಯಾಕೆ ಹೀಗಾಯಿತೆಂದು ಒಬ್ಬನಿಗೂ ಗೊತ್ತಿಲ್ಲ, ಆದರೆ ಆಯಿತಲ್ಲ! ಪಿಯು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಕಳೆದಿರುವ ನನಗೆ ಈ ಖುಷಿಯ ಪರಿಚಯ ಚೆನ್ನಾಗಿದೆ. ಇದಾದ ಮೇಲೆ ಯಾರಾದರೂ ಫ್ಯೂಸ್ ಸುಡುತ್ತಾರೆ.

ಈ ಬಾಳೆಹಣ್ಣಿನ ಕಥೆಯಿರುವ ‘ಸ್ಟೈನ್ಸ್ ಗೇಟ್’ ಎಂಬ ಜಪಾನಿ ಅನಿಮೆ (ಅನಿಮೇಷನ್) ಸರಣಿಯನ್ನು ನನಗೆ ಹೇಳಿದವನು ಹಾಗೆ ಫ್ಯೂಸ್ ಸುಟ್ಟಿದ್ದ ಹಳೆಯ ವಿದ್ಯಾರ್ಥಿ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠ ಮುಗಿಸಿ ಕಣ್ಣುಜ್ಜಿಕೊಳ್ಳುತ್ತಿದ್ದಾಗ ಫೋನ್ ಮಾಡಿ, “ಸರ್, ಇದರಲ್ಲಿ ಒಬ್ಬ ಹುಚ್ಚು ವಿಜ್ಞಾನಿ ಇದ್ದಾನೆ, ನಿಮಗೆ ಇಷ್ಟವಾಗುತ್ತಾನೆ” ಎಂದ. ಮೊದಲ ಕಂತುಗಳಲ್ಲಿ ಇಷ್ಟವಾಗಲಿಲ್ಲ. ಹದಿನೆಂಟರ ಹುಡುಗ, ಗಡ್ಡ ಕುರುಚಲು, ಬಿಳಿ ಕೋಟು, ಕಾಲಿಗೆ ಚಪ್ಪಲಿ. ಯಾರೂ ಇಲ್ಲದ ಫೋನನ್ನು ಕಿವಿಗೆ ಹಿಡಿದು ‘ಸಂಸ್ಥೆಯವರು ನನ್ನ ಬೆನ್ನು ಹತ್ತಿದ್ದಾರೆ’ ಎಂದು ಪಿಸುಗುಟ್ಟುತ್ತಾನೆ. ನಿಜವಾದ ಹೆಸರು ಒಕಬೆ ರಿಂತಾರೊ, ಟೋಕಿಯೋ ಡೆಂಕಿ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿ. ತಾನೇ ಇಟ್ಟುಕೊಂಡ ಹೆಸರು ಹೊಒಯಿನ್ ಕ್ಯೊಮ. ಮಾತು ಮಾತಿಗೂ ‘ಇದು ಸ್ಟೈನ್ಸ್ ಗೇಟಿನ ಆಯ್ಕೆ’ ಎನ್ನುತ್ತಾನೆ. ಹಾಗೆಂದರೇನು ಎಂದು ಕೇಳಿದರೆ ಅರ್ಥವೇನೂ ಇಲ್ಲವಂತೆ.

2009ರಲ್ಲಿ ಗೇಮ್ ಆಗಿ ಬಂದು, 2011ರಲ್ಲಿ ವೈಟ್ ಫಾಕ್ಸ್ ಸ್ಟುಡಿಯೋದ ಕೈಯಲ್ಲಿ 24 ಕಂತುಗಳ ಅನಿಮೆಯಾದ ಕಥೆ ಇದು. ನಡೆಯುವುದು 2010ರ ಬೇಸಿಗೆಯಲ್ಲಿ, ಟೋಕಿಯೋದ ಅಕಿಹಾಬರದಲ್ಲಿ. ನಮ್ಮ ಎಸ್‌.ಪಿ. ರಸ್ತೆಯನ್ನು, ಅದೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯನ್ನು, ಹತ್ತು ಪಟ್ಟು ಹಿಗ್ಗಿಸಿ ಅದಕ್ಕೆ ಬೊಂಬೆ ಅಂಗಡಿ, ಕಾಮಿಕ್ಸ್ ಅಂಗಡಿ, ಬೆಕ್ಕಿನ ಕಿವಿ ಕಟ್ಟಿಕೊಂಡ ಹುಡುಗಿಯರು ಕಾಫಿ ಕೊಡುವ ಹೋಟೆಲು ಸೇರಿಸಿದರೆ ಅಕಿಹಾಬರದ ಅಂದಾಜು ಸಿಗುತ್ತದೆ. ಡಬ್ಬಾ ಟಿವಿ ರಿಪೇರಿ ಮಾಡುವ ಒಂದು ಅಂಗಡಿಯ ಮೇಲಿನ ಬಾಡಿಗೆ ಕೋಣೆಯೇ ಒಕಬೆಯ ‘ಭವಿಷ್ಯದ ಉಪಕರಣಗಳ ಪ್ರಯೋಗಾಲಯ’. ಸದಸ್ಯರು ಮೂವರು: ಒಕಬೆ, ಕಂಪ್ಯೂಟರ್ ಬಲ್ಲ ದಢೂತಿ ಗೆಳೆಯ ದಾರು, ಮತ್ತು ಚಿಕ್ಕಂದಿನ ಒಡನಾಡಿ ಮಯೂರಿ. ಮಯೂರಿ ಯಾವ ಪ್ರಯೋಗವನ್ನೂ ಮಾಡುವುದಿಲ್ಲ. ಮೂಲೆಯಲ್ಲಿ ಕುಳಿತು ವೇಷಭೂಷಣದ ಬಟ್ಟೆ ಹೊಲಿಯುತ್ತಾಳೆ. ಆಮೇಲೆ ಬಂದು ಸೇರುವವಳು ಮಕಿಸೆ ಕುರಿಸು, ಹದಿನೆಂಟಕ್ಕೇ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದ ಮಿದುಳು ವಿಜ್ಞಾನಿ. ಈ ಮನೆಯಲ್ಲಿ ನಿಜವಾದ ವಿಜ್ಞಾನಿ ಎಂದರೆ ಅವಳೊಬ್ಬಳೇ. ಅವಳನ್ನು ಒಕಬೆ ‘ನನ್ನ ಸಹಾಯಕಿ’ ಎಂದು ಕರೆಯುತ್ತಾನೆ.

ಅವನ ಹುಚ್ಚು ವಿಜ್ಞಾನಿಯ ವೇಷ ಎಲ್ಲಿಂದ ಬಂತೆಂದು ಕಥೆ ತಡವಾಗಿ ಹೇಳುತ್ತದೆ. ಮಯೂರಿಯ ಅಜ್ಜಿ ತೀರಿಕೊಂಡಾಗ ಆ ಹುಡುಗಿ ಮಾತು ಬಿಟ್ಟಳು. ದಿನಾ ಸಮಾಧಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಒಂದು ದಿನ ಮಳೆ ಬಿಟ್ಟು ಮೋಡದ ಸಂದಿನಿಂದ ಬೆಳಕು ಇಳಿದಾಗ ಅವಳು ಆಕಾಶಕ್ಕೆ ಕೈ ಚಾಚಿದಳು. ಇವಳು ಅಜ್ಜಿಯ ಹಿಂದೆ ಹೊರಟೇಬಿಡುತ್ತಾಳೆಂದು ಹೆದರಿದ ಹುಡುಗ ಓಡಿ ಹೋಗಿ ತಬ್ಬಿಕೊಂಡು, ನೀನು ನನ್ನ ಒತ್ತೆಯಾಳು, ನನ್ನ ಪ್ರಯೋಗಕ್ಕೆ ಬೇಕಾದವಳು, ಎಲ್ಲಿಗೂ ಬಿಡುವುದಿಲ್ಲ ಎಂದ. ಸಮಾಧಾನ ಹೇಳಲು ಬೇರೆ ಮಾತು ಬಾರದ ಮಗು ಖಳನಾಯಕನ ಮಾತು ಕಡ ತಂದಿತು. ಅದೇ ಅಂಟಿಕೊಂಡಿತು. ಇದು ಗೊತ್ತಾದ ಮೇಲೆ ಮೊದಲ ಕಂತುಗಳನ್ನು ಮತ್ತೆ ನೋಡಿದೆ. ಅವನು ಗಹಗಹಿಸಿ ನಗುವಾಗಲೆಲ್ಲ ಓರೆಗಣ್ಣಿನಲ್ಲಿ ಮಯೂರಿಯನ್ನು ನೋಡುತ್ತಾನೇನೋ ಅನಿಸಿತು. ಇರಲಿಕ್ಕಿಲ್ಲ, ನನ್ನ ಕಣ್ಣಿನ ಚಪಲ.

ಬಾಳೆಹಣ್ಣಿನ ಒವನ್ನಿಗೆ ಮೊಬೈಲ್ ಜೋಡಿಸಿದ್ದರು. ಕೆಳಗಿನ ಅಂಗಡಿಯ 42 ಇಂಚಿನ ಡಬ್ಬಾ ಟಿವಿ ಹೊತ್ತಿಕೊಂಡಿರುವಾಗ ಆ ಮೊಬೈಲಿಗೆ ಮೇಲ್ ಕಳುಹಿಸಿದರೆ ಅದು ನಿನ್ನೆಗೆ, ಮೊನ್ನೆಗೆ, ಹತ್ತು ವರ್ಷದ ಹಿಂದಕ್ಕೆ ಹೋಗಿ ತಲುಪುತ್ತದೆ. ಅದಕ್ಕೆ ಡಿ-ಮೇಲ್ ಎಂದು ಹೆಸರಿಟ್ಟರು. ಮಿತಿ 36 ಬೈಟ್. ಜಪಾನಿ ಲಿಪಿಯಲ್ಲಿ ಹದಿನೆಂಟು ಅಕ್ಷರ. ಅದೂ ಆರಾರು ಅಕ್ಷರದ ಮೂರು ತುಂಡಾಗಿ ತಲುಪುತ್ತದೆ. ಹಿಂದಿನ ಕಾಲದಲ್ಲಿ ಅದನ್ನು ಓದಿದವರು ಬೇರೆ ದಾರಿ ಹಿಡಿದರೆ ಜಗತ್ತೇ ಬದಲಾಗುತ್ತದೆ, ಬದಲಾದದ್ದು ಯಾರಿಗೂ ತಿಳಿಯುವುದಿಲ್ಲ. ಒಕಬೆಯೊಬ್ಬನಿಗೆ ಮಾತ್ರ ಹಳೆಯ ಜಗತ್ತಿನ ನೆನಪು ಉಳಿಯುತ್ತದೆ.

ಇಲ್ಲಿ ನನ್ನೊಳಗಿನ ಲ್ಯಾಬ್ ಮೇಷ್ಟ್ರು ಎದ್ದು ಕೂತರು. ಇಂಥ ಯಂತ್ರ ಕೈಗೆ ಸಿಕ್ಕ ಮೇಲೆ ಒಕಬೆ ಮಾಡುವುದೇನು? ಮೊದಲು ಲಾಟರಿ ನಂಬರ್ ಹಿಂದಕ್ಕೆ ಕಳುಹಿಸುತ್ತಾನೆ, ಅದೂ ಕೈಗೂಡುವುದಿಲ್ಲ. ಆಮೇಲೆ ಕೇಳಿದವರಿಗೆಲ್ಲ ಹಂಚುತ್ತಾನೆ. ಮೊಯೆಕ ಎಂಬ ಮಾತುಕಡಿಮೆಯ ಹೆಂಗಸಿಗೆ ಒಂದು. ದೇವಸ್ಥಾನದ ಹುಡುಗ ರುಕನಿಗೆ ಒಂದು, ಅವನಿಗೆ ಹೆಣ್ಣಾಗಿ ಹುಟ್ಟಬೇಕಿತ್ತು. ಹೋಟೆಲಿನ ಫೆಯಿರಿಸ್‌ಗೆ ಒಂದು. ಅವಳು ಏನು ಬರೆದಳೆಂದು ಕೇಳುವುದೂ ಇಲ್ಲ, ಅವಳು ತೋರಿಸುವುದೂ ಇಲ್ಲ. ಪ್ರಾಮಾಣಿಕವಾಗಿ ಬರೆದ ದಾಖಲೆ ಪುಸ್ತಕವಿಲ್ಲ, ಹೋಲಿಸಿ ನೋಡಲು ಏನನ್ನೂ ಹಾಗೇ ಉಳಿಸಿಕೊಂಡಿಲ್ಲ, ಒಂದರ ಫಲ ತಿಳಿಯುವ ಮೊದಲೇ ಇನ್ನೊಂದು. ನನ್ನ ಲ್ಯಾಬಿನಲ್ಲಾಗಿದ್ದರೆ ರೆಕಾರ್ಡಿಗೆ ಸಹಿ ಹಾಕದೆ ಹೊರಗೆ ನಿಲ್ಲಿಸುತ್ತಿದ್ದೆ. ಫೆಯಿರಿಸ್‌ಳ ಮೇಲ್ ಹೋದ ಮರುಕ್ಷಣ ಅಕಿಹಾಬರದ ಬೊಂಬೆ ಅಂಗಡಿಗಳೆಲ್ಲ ಮಾಯ. ಬೀದಿಯುದ್ದಕ್ಕೂ ಬರೀ ತಂತಿ, ಟ್ರಾನ್ಸಿಸ್ಟರ್. ಒಂದು ಇಡೀ ಪೇಟೆಯ ಚಹರೆ ಅಳಿಸಿಹೋದದ್ದನ್ನು ನೋಡಿದ ಮೇಲೂ ಅವನು ನಿಲ್ಲಿಸುವುದಿಲ್ಲ.

ಕನ್ನಡದಲ್ಲಿ ‘ಪ್ರಯೋಗ’ ಎಂಬ ಪದಕ್ಕೆ ಇರುವ ಎರಡು ಮುಖ ಆವತ್ತು ನನಗೆ ಹೊಳೆಯಿತು. ಪ್ರಯೋಗಶಾಲೆಯಲ್ಲಿ ಮಾಡುವುದೂ ಪ್ರಯೋಗವೇ, ರಣರಂಗದಲ್ಲಿ ಅಸ್ತ್ರ ಬಿಡುವುದೂ ಪ್ರಯೋಗವೇ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮ ಒಂದು ಹುಲ್ಲಿನ ಕಡ್ಡಿಯನ್ನು ಮಂತ್ರಿಸಿ ಬ್ರಹ್ಮಶಿರವೆಂಬ ಅಸ್ತ್ರ ಪ್ರಯೋಗಿಸುತ್ತಾನೆ, ಅರ್ಜುನ ಎದುರಿಗೆ ಅದನ್ನೇ ಬಿಡುತ್ತಾನೆ. ವ್ಯಾಸರೂ ನಾರದರೂ ನಡುವೆ ನಿಂತು ಇಬ್ಬರೂ ಹಿಂದಕ್ಕೆ ತೆಗೆದುಕೊಳ್ಳಿ ಎಂದಾಗ ಅರ್ಜುನ ತೆಗೆದುಕೊಳ್ಳುತ್ತಾನೆ. ಅಶ್ವತ್ಥಾಮನಿಗೆ ಆಗುವುದಿಲ್ಲ. ಬಿಡುವುದು ಗೊತ್ತು, ಮರಳಿ ಕರೆಯುವ ಶಕ್ತಿ ಇಲ್ಲ. ಕೊನೆಗೆ ಅದು ಗರ್ಭದಲ್ಲಿದ್ದ ಕೂಸಿನ ಮೇಲೆ ಹೋಗಿ ಬೀಳುತ್ತದೆ. ಮರಳಿ ಕರೆಯುವುದಕ್ಕೆ ಉಪಸಂಹಾರ ಎಂದು ಹೆಸರು. ತಾಳಮದ್ದಳೆಯ ಅರ್ಥಧಾರಿಯೊಬ್ಬರು ಇದೇ ಪ್ರಸಂಗದಲ್ಲಿ ‘ಬಿಟ್ಟದ್ದು ವಿದ್ಯೆಯಲ್ಲ, ಹಿಂದಕ್ಕೆ ತಂದದ್ದು ವಿದ್ಯೆ’ ಎಂದು ಅರ್ಥ ಹೇಳಿದ್ದನ್ನು ಚಿಕ್ಕಂದಿನಲ್ಲಿ ಕೇಳಿದ್ದೆ. ನಿದ್ದೆಗಣ್ಣಿನಲ್ಲಿ ಕೇಳಿದ್ದು, ಮಾತು ಪೂರ್ತಿ ಹೀಗೇ ಇತ್ತೋ ಇಲ್ಲವೋ.

ಪಶ್ಚಾತ್ತಾಪ ಪಡುವ ವಿಜ್ಞಾನಿಗಳು ಜಪಾನಿನ ಕಥೆಗಳಿಗೆ ಹೊಸಬರಲ್ಲ. 1945ರ ಆಗಸ್ಟನ್ನು ಕಂಡ ದೇಶ ಅದು. 1954ರ ಗೋಡ್ಜಿಲಾ ಚಿತ್ರದ ಡಾಕ್ಟರ್ ಸೆರಿಜಾವಾ ತನ್ನ ಆವಿಷ್ಕಾರದ ಕಾಗದಪತ್ರ ಸುಟ್ಟು, ಅದರ ಗುಟ್ಟಿನೊಂದಿಗೆ ಸಮುದ್ರದ ತಳದಲ್ಲೇ ಉಳಿಯುತ್ತಾನೆ. ‘ಸೈಬೋರ್ಗ್ 009’ರ ಗಿಲ್ಮೋರ್ ಮನುಷ್ಯರನ್ನು ಯಂತ್ರವಾಗಿಸಿ, ಆಮೇಲೆ ಅವರೊಂದಿಗೇ ಓಡಿಹೋಗಿ ಅವರ ಪಕ್ಷ ಸೇರುತ್ತಾನೆ. ಇವರ ಮೇಲೆ ನನಗೆ ಗೌರವವಿದೆ. ಆದರೆ ಇವರಲ್ಲಿ ಯಾರೂ ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ. ಒಬ್ಬ ಸತ್ತ, ಒಬ್ಬ ಸೇವೆಗೆ ನಿಂತ. ‘ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಎಂಬ ನಮ್ಮ ಗಾದೆ ಅವರಿಬ್ಬರಿಗೂ ಸಲ್ಲುತ್ತದೆ. ಒಕಬೆಗೆ ಸಲ್ಲುವುದಿಲ್ಲ. ಮಿಂಚಿ ಹೋದದ್ದನ್ನು ತಿದ್ದುವ ಯಂತ್ರ ಅವನ ಕೋಣೆಯಲ್ಲೇ ಇದೆ. ಪಶ್ಚಾತ್ತಾಪ ಪಡುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು ಎಂದು ಈ ಸರಣಿ ನನ್ನನ್ನು ಒಪ್ಪಿಸಿತು.

ಹನ್ನೆರಡನೆಯ ಕಂತಿನಲ್ಲಿ ಬಂದೂಕು ಹಿಡಿದವರು ಲ್ಯಾಬಿಗೆ ನುಗ್ಗುತ್ತಾರೆ, ಮಯೂರಿ ಗುಂಡಿಗೆ ಬಲಿಯಾಗುತ್ತಾಳೆ. ನೆನಪನ್ನು ಮಾತ್ರ 48 ಗಂಟೆಯವರೆಗೆ ಹಿಂದಕ್ಕೆ ಕಳುಹಿಸುವ ಯಂತ್ರವನ್ನು ಕುರಿಸು ಅಷ್ಟರಲ್ಲಿ ಮಾಡಿಟ್ಟಿರುತ್ತಾಳೆ. ಒಕಬೆ ಹಿಂದಕ್ಕೆ ಹಾರುತ್ತಾನೆ, ಮಯೂರಿಯನ್ನು ಎಳೆದುಕೊಂಡು ಓಡುತ್ತಾನೆ. ಈ ಸಲ ಕಾರು ಬಂದು ಬಡಿಯುತ್ತದೆ. ಇನ್ನೊಂದು ಸಲ ರೈಲು. ದಾರಿ ಬದಲಿಸಿದರೂ ಊರು ಬದಲಿಸಿದರೂ ಅದೇ ಹೊತ್ತಿಗೆ ಅದೇ ಸಾವು. ಎಷ್ಟು ಸಲ ನೋಡುತ್ತಾನೆಂದರೆ, ಒಂದು ಹಂತದಲ್ಲಿ ಅವಳ ಸಾವು ಅವನಿಗೆ ಏನೂ ಅನಿಸದಂತಾಗುತ್ತದೆ. ತನಗೆ ಏನೂ ಅನಿಸುತ್ತಿಲ್ಲವೆಂದು ಗೊತ್ತಾದಾಗ ಅವನು ಬೆಚ್ಚುತ್ತಾನೆ.

ಪ್ರತಿ ಸಲ ಹಾರಿದಾಗಲೂ ಕುರಿಸುಗೆ ಎಲ್ಲವನ್ನೂ ಮೊದಲಿನಿಂದ ವಿವರಿಸಬೇಕು. ಅವಳು ನಂಬಬೇಕು. ಅದಕ್ಕೆ ಅವಳೇ ಒಂದು ಉಪಾಯ ಹೇಳಿಕೊಡುತ್ತಾಳೆ. ನನಗೆ ಈಗ ತುಂಬಾ ಬೇಕಾಗಿರುವುದು ನನ್ನದೇ ಆದ ಒಂದು ಫೋರ್ಕ್, ನನ್ನದೇ ಚಮಚ ಈಗಾಗಲೇ ಇದೆ, ಇದನ್ನು ಯಾರಿಗೂ ಹೇಳಿಲ್ಲ, ಹೋಗಿ ನನಗೆ ಹೇಳು, ನಂಬುತ್ತೇನೆ. ಅವನು ಹಾರುತ್ತಾನೆ, ಆ ಕುರಿಸು ಅಳಿಸಿಹೋಗುತ್ತಾಳೆ. ಹಿಂದಿನ ದಿನದ ಕುರಿಸುವಿನ ಎದುರು ನಿಂತು, ನಿನಗೆ ಒಂದು ಫೋರ್ಕ್ ಬೇಕಾಗಿದೆ ಎನ್ನುತ್ತಾನೆ. ಅವಳ ಮುಖ ಕೆಂಪಾಗುತ್ತದೆ. ಅಳಿಸಿಹೋಗಲಿರುವ ಒಬ್ಬಳು ಅಳಿಸಿಹೋಗಲಿರುವ ಇನ್ನೊಬ್ಬಳಿಗೆ ಈ ಹುಡುಗನ ಬಾಯಲ್ಲಿ ಕೊಟ್ಟು ಕಳುಹಿಸಿದ ಗುರುತು ಅದು. ರಾಮಾಯಣದ ಚೂಡಾಮಣಿಯ ಜಾಗದಲ್ಲಿ ಇಲ್ಲಿ ಊಟದ ಫೋರ್ಕ್ ಬಂದಿದೆ. ಬರೆದವರ ಕೈಗೆ ಚಿನ್ನದ ಕಡಗ ತೊಡಿಸಬೇಕು ಅನಿಸಿದ್ದು ಇಲ್ಲಿ.

ಸಾವು ತಪ್ಪಬೇಕಾದರೆ ಕಳುಹಿಸಿದ ಡಿ-ಮೇಲುಗಳನ್ನೆಲ್ಲ ಒಂದೊಂದಾಗಿ ರದ್ದು ಮಾಡಬೇಕು, ಕಳುಹಿಸಿದ ಕ್ರಮಕ್ಕೆ ತಿರುಗಾಮುರುಗಾ. ಅಂದರೆ ಉಪಸಂಹಾರ. ಸರಣಿಯ ಮೈ ಬಂದಿರುವುದೇ ಇಲ್ಲಿಂದ.

ಮೊದಲನೆಯದು ಸುಜುಹಳದು, ಮತ್ತು ಅದು ಒಕಬೆ ಕಳುಹಿಸಿದ್ದರಲ್ಲೆಲ್ಲ ಒಳ್ಳೆಯ ಮನಸ್ಸಿನ ಮೇಲ್. ಸುಜುಹ ಕೆಳಗಿನ ಟಿವಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಅಸಲಿಗೆ ಭವಿಷ್ಯದಿಂದ ಬಂದವಳು, ಅಪ್ಪನನ್ನು ಹುಡುಕುತ್ತಿರುವವಳು. ಅಪ್ಪನನ್ನು ಕಾಣದೆಯೇ ಅವಳು ಊರು ಬಿಡುತ್ತಾಳೆಂದು ತಿಳಿದ ಒಕಬೆ, ಅವಳನ್ನು ತಡೆಯುವಂತೆ ತನಗೇ ಮೇಲ್ ಕಳುಹಿಸಿಕೊಂಡಿದ್ದ. ಅವಳು ಉಳಿದಳು. ಆ ರಾತ್ರಿಯ ಗುಡುಗು ಮಳೆಗೆ ಅವಳ ಕಾಲಯಂತ್ರ ಕೆಟ್ಟಿತು. ಅಪ್ಪ ಯಾರೆಂದು ಆಮೇಲೆ ಗೊತ್ತಾಗುತ್ತದೆ, ದಾರು! ಅವನೇ ಕೂತು ಯಂತ್ರ ರಿಪೇರಿ ಮಾಡುತ್ತಾನೆ. ಅವಳು 1975ಕ್ಕೆ ಹೋಗಿ ಐಬಿಎನ್ 5100 ಎಂಬ ಹಳೆಯ ಕಂಪ್ಯೂಟರನ್ನು ಸಂಪಾದಿಸಿ ಇವರಿಗಾಗಿ ಕಾಪಾಡಿಡಬೇಕು. (ಐಬಿಎಂ 5100 ಎಂಬುದು ನಿಜವಾಗಿಯೂ ಇತ್ತು. 1975ರದೇ, ಸುಮಾರು 25 ಕಿಲೋ ತೂಕ, ಆಗಿನ ಕಾಲಕ್ಕೆ ಅದನ್ನು ‘ಹೊತ್ತೊಯ್ಯಬಹುದಾದ’ ಕಂಪ್ಯೂಟರ್ ಎನ್ನುತ್ತಿದ್ದರು.) ಎಲ್ಲರೂ ಯಂತ್ರದ ಎದುರು ನಿಂತು ಬೀಳ್ಕೊಡುತ್ತಾರೆ. ಯಂತ್ರ ಮಾಯವಾಗುತ್ತದೆ.

ಅವಳು ಹೋದ ಸ್ವಲ್ಪ ಹೊತ್ತಿಗೇ ಟಿವಿ ಅಂಗಡಿಯ ಯಜಮಾನ ಒಂದು ಕಾಗದ ತಂದುಕೊಡುತ್ತಾನೆ. ಹತ್ತು ವರ್ಷದ ಹಿಂದೆ ತೀರಿಕೊಂಡ, ಅವನಿಗೆ ಉಪಕಾರ ಮಾಡಿದ್ದ ಹೆಂಗಸು ಬರೆದಿಟ್ಟ ಕಾಗದ. ಬೀಳ್ಕೊಟ್ಟ ಕೈಯ ಬಿಸಿ ಆರಿಲ್ಲ, ಆಗಲೇ ಅದೇ ಕೈಯ ಬರಹ ಹಳದಿಯಾಗಿದೆ. ರಿಪೇರಿ ಸರಿಹೋಗಿರಲಿಲ್ಲ. ಹಿಂದಕ್ಕೆ ಹೋಗುವಾಗ ಅವಳ ನೆನಪು ಅಳಿಸಿಹೋಯಿತು. ಯಾಕೆ ಬಂದೆನೆಂದೇ ಗೊತ್ತಿಲ್ಲದೆ ಇಪ್ಪತ್ತು ವರ್ಷಕ್ಕೂ ಮೀರಿ ಬದುಕಿ, ನೆನಪು ಮರಳಿದಾಗ ಕಾಲ ಮಿಂಚಿತ್ತು. ಕಾಗದದ ಕೊನೆಗೆ ‘ಸೋತೆ’ ಎಂಬರ್ಥದ ಒಂದೇ ಪದ, ಮತ್ತೆ ಮತ್ತೆ, ಸಾಲಿನ ಮೇಲೆ ಸಾಲು. ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳಿಗೆ ನೂರು ಸಲ ಬರೆಸುತ್ತಿದ್ದ ಶಿಕ್ಷೆ ನೆನಪಾಯಿತು. ಬರೆದವಳು ತಪ್ಪು ಮಾಡಿರಲಿಲ್ಲ. ತಪ್ಪು ಓದುತ್ತಿದ್ದವನದು, ಒಂದು ಸಂಜೆ ಹೆಚ್ಚು ಇರಲಿ ಎಂದು ಅವಳನ್ನು ನಿಲ್ಲಿಸಿಕೊಂಡವನದು.

ಒಕಬೆ ಆ ಮೇಲನ್ನು ರದ್ದು ಮಾಡುತ್ತಾನೆ. ಈಗ ಸುಜುಹ ಸರಿಯಾದ ದಿನವೇ ಹೊರಡುತ್ತಾಳೆ, ಕೆಲಸ ಕೈಗೂಡುತ್ತದೆ. ಆದರೆ ಅಪ್ಪ ಯಾರೆಂದು ತಿಳಿಯದೆ ಹೊರಡುತ್ತಾಳೆ. ಆ ಬೀಳ್ಕೊಡುಗೆ ಯಾರ ನೆನಪಿನಲ್ಲೂ ಇಲ್ಲ, ಒಬ್ಬನ ಹೊರತು.

ಫೆಯಿರಿಸ್ ಕಳುಹಿಸಿದ್ದು ಅಪಹರಣದ ಸುಳ್ಳು ಸಂದೇಶ. ಹತ್ತು ವರ್ಷದ ಹಿಂದೆ ಸಾಯಲಿದ್ದ ಅವಳ ಅಪ್ಪ ಅದರಿಂದ ಉಳಿದುಕೊಂಡಿದ್ದ. ರದ್ದು ಮಾಡಬೇಕೆಂದರೆ, ನಿನ್ನ ಅಪ್ಪನನ್ನು ಸಾಯಲು ಬಿಡು ಎಂದು ಮಗಳನ್ನೇ ಕೇಳಬೇಕು. ಮೊದಲ ಸಲ ಗುಂಡಿ ಒತ್ತುವಾಗ ಏನು ಬರೆದೆ ಎಂದು ಕೇಳದಿದ್ದವನು ಈ ಸಲ ಕೇಳುತ್ತಾನೆ. ಎದುರು ಕುಳಿತು, ಎಲ್ಲ ಹೇಳಿ, ಕೇಳುತ್ತಾನೆ. ಅವಳು ಒಪ್ಪುತ್ತಾಳೆ. ರುಕ ತಾನು ಹುಟ್ಟುವ ಮೊದಲೇ ತಾಯಿಯ ಪೇಜರಿಗೆ ‘ತರಕಾರಿ ಹೆಚ್ಚು ತಿನ್ನು’ ಎಂದು ಕಳುಹಿಸಿ ಹೆಣ್ಣಾಗಿ ಹುಟ್ಟಿರುತ್ತಾಳೆ. (ಬಸುರಿಯ ಊಟದಿಂದ ಗಂಡೋ ಹೆಣ್ಣೋ ಎಂದು ಹೇಳುವ ಅಜ್ಜಿಯರು ಅಲ್ಲಿಯೂ ಇದ್ದಾರೆಂದು ನಕ್ಕಿದ್ದೆ.) ಅವಳು ಪ್ರತಿಯಾಗಿ ಕೇಳುವುದು ಒಂದು ದಿನವನ್ನು. ಹುಡುಗಿಯಾಗಿ, ಅವನ ಜೊತೆ ಒಂದು ದಿನ ಸುತ್ತಾಡಬೇಕು. ಸುತ್ತಾಡುತ್ತಾರೆ, ಇಬ್ಬರಿಗೂ ಮಾತು ಹೊರಡುವುದಿಲ್ಲ. ಮರುದಿನಕ್ಕೆ ಆ ದಿನ ಅವಳಿಗೆ ನಡೆದೇ ಇರುವುದಿಲ್ಲ. ಮೊಯೆಕಳ ಪ್ರಸಂಗವನ್ನು ನಾನು ಎರಡನೆಯ ಸಲ ನೋಡಲಾರೆ, ಆದ್ದರಿಂದ ಅದರ ಬಗ್ಗೆ ಬರೆಯುವುದಿಲ್ಲ.

ಪಶ್ಚಾತ್ತಾಪದ ಕಥೆಗಳಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ಲೆಕ್ಕ ಇಲ್ಲಿದೆ. ತಪ್ಪು ಮಾಡಿದವನು ಒಬ್ಬ, ತಿದ್ದುಪಡಿಯ ಖರ್ಚು ಕೊಡುವವರು ಬೇರೆಯವರು. ಅಷ್ಟಾಗಿಯೂ ಅವನನ್ನು ಕ್ಷಮಿಸಲು ಯಾರೂ ಉಳಿಯುವುದಿಲ್ಲ. ಅಪ್ಪನನ್ನು ಎರಡನೆಯ ಸಲ ಕಳೆದುಕೊಂಡ ಫೆಯಿರಿಸ್‌ಗೆ ಒಂದೇ ಸಲ ಕಳೆದುಕೊಂಡದ್ದು ಗೊತ್ತು. ಕಾಲು ಹಿಡಿಯೋಣವೆಂದರೆ ಕಾಲುಗಳೇ ಇಲ್ಲ.

ನನ್ನ ಸಂಗತಿ ಇಷ್ಟು ದೊಡ್ಡದಲ್ಲ. 2014ರ ನವೆಂಬರಿನಲ್ಲಿ ನಮ್ಮ ಅಜ್ಜಿ ಆಸ್ಪತ್ರೆಯಲ್ಲಿದ್ದರು. ತಮ್ಮ ಪುಣೆಯಲ್ಲಿದ್ದ, ಹೊಸ ಕೆಲಸ, ಇನ್ನೂ ಖಾಯಂ ಆಗಿರಲಿಲ್ಲ, ರಜೆ ಕೇಳಲು ಹೆದರುತ್ತಿದ್ದ. ನಮ್ಮಿಬ್ಬರನ್ನೂ ಸಾಕಿದವರು ಅಜ್ಜಿಯೇ. ಆದರೆ ಅವನು ಅವರ ಕಣ್ಣ ಬೊಂಬೆ, ರೊಟ್ಟಿಯ ಮೊದಲ ಬೆಣ್ಣೆ ಯಾವಾಗಲೂ ಅವನಿಗೆ. ಬುಧವಾರ ಬೆಳಿಗ್ಗೆ ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು, ಎರಡು ದಿನ, ಹೆಚ್ಚೆಂದರೆ ಮೂರು, ಬರಬೇಕಾದವರನ್ನು ಕರೆಸಿಕೊಳ್ಳಿ ಎಂದರು. ನಾನು ತಮ್ಮನಿಗೆ ಬರೆದೆ: “ಗಾಬರಿಯಿಲ್ಲ. ಭಾನುವಾರ ಬಂದರೆ ಸಾಕು.” ಯಾಕೆ ಹಾಗೆ ಬರೆದೆ ಎಂಬುದಕ್ಕೆ ನನ್ನ ಹತ್ತಿರ ಮೂರು ನಾಲ್ಕು ಉತ್ತರಗಳಿವೆ. ಅವನ ಕೆಲಸ ಹೋಗಬಾರದು ಎಂಬುದು ಒಂದು. ಡಾಕ್ಟರ ಮಾತನ್ನು ನಾನೇ ನಂಬಲಿಲ್ಲ ಎಂಬುದು ಇನ್ನೊಂದು. ಕೊನೆಯ ಎರಡು ದಿನವಾದರೂ ಅಜ್ಜಿ ನನ್ನೊಬ್ಬನವರಾಗಿರಲಿ ಎಂಬುದೂ ಅದರಲ್ಲಿ ಸೇರಿರಬಹುದು. ಅದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಅಜ್ಜಿ ಶುಕ್ರವಾರ ನಸುಕಿನಲ್ಲಿ ಹೋದರು. ಅವನು ಬಂದಾಗ ಸಂಜೆ. ‘ಇದ್ದಕ್ಕಿದ್ದಂತೆ ಆಯಿತು’ ಎಂದು ನಾನೇ ಹೇಳಿದೆ. ಅವನು ತಲೆಯಾಡಿಸಿದ.

ಇಪ್ಪತ್ತೆರಡನೆಯ ಕಂತಿನಲ್ಲಿ ಕೊನೆಯ ಮೇಲ್ ಉಳಿದಿರುತ್ತದೆ, ಎಲ್ಲಕ್ಕೂ ಮೊದಲು ಹೋದದ್ದು. ಜುಲೈ 28ರಂದು ರೇಡಿಯೋ ಕೈಕನ್ ಕಟ್ಟಡದಲ್ಲಿ ಕುರಿಸು ರಕ್ತದ ಮಡುವಿನಲ್ಲಿ ಬಿದ್ದಿರುವುದನ್ನು ನೋಡಿ ಒಕಬೆ ಗಾಬರಿಯಲ್ಲಿ ದಾರುಗೆ ಕಳುಹಿಸಿದ ಸುದ್ದಿ. ಅದು ಅರಿವಿಲ್ಲದೆ ಹಿಂದಕ್ಕೆ ಹೋದದ್ದರಿಂದಲೇ ಕುರಿಸು ಬದುಕಿರುವ ಜಗತ್ತು ಹುಟ್ಟಿತ್ತು. ಅದನ್ನು ಅಳಿಸಿದರೆ ಮಯೂರಿ ಉಳಿಯುತ್ತಾಳೆ, ಕುರಿಸು ಸಾಯುತ್ತಾಳೆ. ಅಷ್ಟರಲ್ಲಿ ಅವನು ಅವಳನ್ನು ಪ್ರೀತಿಸಿರುತ್ತಾನೆ. ಅಳಿಸುತ್ತಾನೆ. ಜಗತ್ತು ಬದಲಾದ ಮೇಲೆ ಮಯೂರಿಯ ಎದುರು ಆ ಹಳೆಯ ಗಹಗಹ ನಗೆ ನಗುತ್ತಾನೆ, ಹುಚ್ಚು ವಿಜ್ಞಾನಿ ಗೆದ್ದನೆಂದು ಕೈ ಚಾಚಿ ಕೂಗುತ್ತಾನೆ. ಮಮೊರು ಮಿಯಾನೊ ಎಂಬ ಕಂಠದಾನ ಕಲಾವಿದ ಆ ಕೂಗಿನೊಳಗೆ ಧ್ವನಿ ಎಲ್ಲಿ ಒಡೆಯಬೇಕೋ ಅಲ್ಲಿ ಒಡೆಯಲು ಬಿಟ್ಟಿದ್ದಾನೆ. ಏನೂ ಗೊತ್ತಿರದ ಮಯೂರಿ, ಇನ್ನು ನೀನು ಕ್ಯೊಮ ಆಗಿರಬೇಕಿಲ್ಲ ಎನ್ನುತ್ತಾಳೆ. ಅವಳಿಗಾಗಿ ತೊಟ್ಟ ವೇಷವನ್ನು ಅವಳೇ ಕಳಚಲು ಹೇಳುತ್ತಾಳೆ. ಕಥೆ ಇಲ್ಲಿಗೇ ಮುಗಿದಿದ್ದರೂ ನಾನು ದೂರುತ್ತಿರಲಿಲ್ಲ.

ಮುಗಿಯುವುದಿಲ್ಲ. ಕುರಿಸುವನ್ನು ಉಳಿಸಲು ಅದೇ ಜುಲೈ 28ಕ್ಕೆ ಹೋಗುವ ಅವಕಾಶ ಸಿಗುತ್ತದೆ. ಹೋದವನು ಜಟಾಪಟಿಯಲ್ಲಿ ತಾನೇ ಅವಳನ್ನು ಇರಿದುಬಿಡುತ್ತಾನೆ. ಮೊದಲ ದಿನ ಅವನು ಕಂಡಿದ್ದ ರಕ್ತ ಅವನ ಕೈಯದೇ. ಕೈಚೆಲ್ಲಿ ಮರಳಿದಾಗ ಫೋನಿಗೆ ಒಂದು ವಿಡಿಯೋ ಬರುತ್ತದೆ, 2025ರ ಒಕಬೆಯಿಂದ. ಈ ಸೋಲನ್ನು ನುಂಗಿಕೊಂಡು ಹದಿನೈದು ವರ್ಷ ಕೆಲಸ ಮಾಡಿ, ಒಂದೇ ಒಂದು ದಾರಿ ಕಂಡುಹಿಡಿದವನು ಅವನು. ನಿಜವಾದ ವಿಜ್ಞಾನಿ ಎಂದರೆ ನನ್ನ ಮಟ್ಟಿಗೆ ಇವನೇ. ತೆರೆಯ ಮೇಲೆ ಕೆಲವೇ ನಿಮಿಷ ಕಾಣಿಸಿಕೊಳ್ಳುತ್ತಾನೆ, ಅವನ ಹದಿನೈದು ವರ್ಷದ ಒಂದು ದೃಶ್ಯವನ್ನೂ ಈ ಸರಣಿ ತೋರಿಸುವುದಿಲ್ಲ. (2018ರಲ್ಲಿ ಬಂದ ‘ಸ್ಟೈನ್ಸ್ ಗೇಟ್ ಝೀರೋ’ ಆ ಹಾದಿಯ ಮೊದಲ ಭಾಗವನ್ನು ತೋರಿಸುತ್ತದೆ. ಅಲ್ಲಿ ಬಿಳಿ ಕೋಟು ಬಿಟ್ಟು ಕಪ್ಪು ಬಟ್ಟೆ ತೊಟ್ಟು ಮಾತ್ರೆ ನುಂಗುವ ಒಕಬೆ ಇದ್ದಾನೆ. ಕುರಿಸುವಿನ ನೆನಪನ್ನು ತುಂಬಿದ ಒಂದು ಯಂತ್ರದೊಂದಿಗೆ ಫೋನಿನಲ್ಲಿ ಮಾತನಾಡುತ್ತಾನೆ. ಆ ನೆನಪು ಅವನನ್ನು ಭೇಟಿಯಾಗುವ ಮೊದಲಿನದು.)

ಹಿರಿಯ ಒಕಬೆ ಹೇಳುವ ಉಪಾಯ ಸರಳ: ನೀನು ಕಂಡದ್ದನ್ನು ಅಳಿಸಬೇಡ. ನೀನು ರಕ್ತದಲ್ಲಿ ಬಿದ್ದ ಕುರಿಸುವನ್ನು ನೋಡಿದೆಯಷ್ಟೇ, ಸತ್ತದ್ದನ್ನು ನೋಡಲಿಲ್ಲ. ಆ ನೋಟವನ್ನು ಹಾಗೆಯೇ ಉಳಿಸಿ, ಅವಳನ್ನು ಮಾತ್ರ ಬದುಕಿಸು. ತಂದಿದ್ದ ನಕಲಿ ರಕ್ತ ಒಣಗಿ ಹೋಗಿದ್ದಾಗ ಒಕಬೆ ತಾನೇ ಚೂರಿಗೆ ಹೊಟ್ಟೆ ಕೊಟ್ಟು, ತನ್ನ ರಕ್ತವನ್ನೇ ನೆಲಕ್ಕೆ ಸುರಿದು ಆ ನೋಟವನ್ನು ಸಿದ್ಧಪಡಿಸುತ್ತಾನೆ. ಇಷ್ಟು ದಿನ ಇತರರು ತೆತ್ತಿದ್ದನ್ನು ಕೊನೆಗೆ ಅವನು ತೆರುತ್ತಾನೆ. ಮೂರು ವಾರದ ನರಕ ಹಾಗೆಯೇ ಉಳಿಯುತ್ತದೆ, ಯಾಕೆಂದರೆ ಅದಿಲ್ಲದೆ ಇಲ್ಲಿಗೆ ಬರುವಂತಿಲ್ಲ.

ಇದನ್ನು ನೋಡಿ ಮುಗಿಸಿದ ರಾತ್ರಿ ಮೇಷ್ಟ್ರ ಚಟ ಬಿಡಲಿಲ್ಲ, ಹಳೆಯ ಸಂದೇಶ ತೆರೆದು ಬೈಟ್ ಎಣಿಸಿದೆ. ಎಸ್ಎಂಎಸ್ ಕನ್ನಡದ ಪ್ರತಿ ಚಿಹ್ನೆಗೆ ಎರಡು ಬೈಟ್ ತೆಗೆದುಕೊಳ್ಳುತ್ತದೆ, ಅಕ್ಷರಕ್ಕೆ ಬೇರೆ, ಕಾಗುಣಿತದ ಗುರುತಿಗೆ ಬೇರೆ, ಖಾಲಿ ಜಾಗಕ್ಕೂ ಬೇರೆ. ನನ್ನ ಸಂದೇಶ 31 ಚಿಹ್ನೆ, 62 ಬೈಟ್. ಡಿ-ಮೇಲಿನಲ್ಲಿ ಹಿಡಿಯುವುದಿಲ್ಲ, ‘ಭಾನುವಾ’ ಎಂಬಲ್ಲಿಗೆ ಕಡಿದುಹೋಗುತ್ತದೆ. ಆರಾರಾಗಿ ಒಡೆದರೆ ಎರಡನೆಯ ತುಂಡು ಅಕ್ಷರವಿಲ್ಲದ ಬರೀ ಗುಡಿಸಿನಿಂದ ಶುರುವಾಗುತ್ತದೆ. ‘ಇವತ್ತೇ ಬಾ’ ಎಂದರೆ ಒಂಬತ್ತು ಚಿಹ್ನೆ, 18 ಬೈಟ್. ಹಿಡಿಯುತ್ತದೆ. ಅರ್ಧ ಜಾಗ ಖಾಲಿಯೂ ಉಳಿಯುತ್ತದೆ.

ಎಣಿಸಿದ್ದು 2020ರಲ್ಲಿ. ಹೇಳಿದ್ದು ಹೋದ ತಿಂಗಳು. ಹಬ್ಬಕ್ಕೆ ಬರುತ್ತೀಯಾ ಎಂದು ಕೇಳಲು ಫೋನ್ ಮಾಡಿದವನು ಅದೂ ಇದೂ ಮಾತನಾಡಿ, ಕೊನೆಗೆ ಬುಧವಾರದ ಕಾರಿಡಾರಿನ ಮಾತನ್ನು ಹೇಳಿಬಿಟ್ಟೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅವನು ಅದನ್ನು ಆರಿಸಿ ಬಂದ.

“ಗೊತ್ತು ಅಣ್ಣ. ಚಿಕ್ಕಪ್ಪ ಆಗಲೇ ಹೇಳಿದ್ದರು, ತಿಥಿಯ ದಿನ. ಅವರೂ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರಂತೆ.”

“ಮತ್ತೆ ನೀನು ಏನೂ ಕೇಳಲಿಲ್ಲ?”

“ನೀನೇ ಹೇಳುತ್ತೀಯೇನೋ ಅಂದುಕೊಂಡೆ,” ಎಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಹಬ್ಬಕ್ಕೆ ರೈಲಿನ ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟಿನಲ್ಲಿದೆ, ಬಸ್ಸಿಗೆ ಬರುವುದಾದರೆ ಎರಡು ದಿನ ಮೊದಲೇ ಹೊರಡಬೇಕಾದೀತು ಎಂದ. ಯಾವಾಗಲಾದರೂ ಸರಿ, ಬಾ ಎಂದೆ.